ಮಗಳು ಆರ್ಕೆಸ್ಟ್ರಾ ನಡೆಸುತ್ತೇನೆ ಎನ್ನುತ್ತಾಳೆ, ಅನುಭವವಿರುವವರು ತಿಳಿಸಿ

ಧಾರವಾಡದ ತಂದೆ: ಮಗಳಿಗೆ ಹತ್ತೊಂಬತ್ತು, ಎಂಜಿನಿಯರಿಂಗ್ ಎರಡನೇ ವರ್ಷ. ಪಿಯಾನೋ ಎಂಟನೇ ಗ್ರೇಡ್ ಮುಗಿಸಿದ್ದಾಳೆ. ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾವನ್ನು ಕೋಲು ಹಿಡಿದು ನಡೆಸುವುದನ್ನು (ಕಂಡಕ್ಟಿಂಗ್) ಕಲಿತು, ನಾಟಕಗಳಿಗೂ ಸಂಗೀತ ಬರೆದು ಬದುಕುತ್ತೇನೆ ಎನ್ನುತ್ತಾಳೆ. ಜರ್ಮನಿಗೆ ಕಳುಹಿಸಲೇ, ಇಲ್ಲೇ ದಾರಿಯಿದೆಯೇ?

ಮರಳಿ ಬಂದವನು: ನಾನು 2019ರಲ್ಲಿ ಹೋದೆ. ವೀಸಾಕ್ಕಾಗಿ ಖಾತೆಯಲ್ಲಿ ಕಟ್ಟಿಡಬೇಕಾದ ಹಣ ಆಗ ವರ್ಷಕ್ಕೆ 10,236 ಯೂರೋ. ಆಮೇಲೆ 11,904 ಆಯಿತು. ಸರ್ಕಾರಿ ವಿದ್ಯಾಲಯಗಳಲ್ಲಿ ಶುಲ್ಕವೇ ಇಲ್ಲ ಎಂದು ಎಲ್ಲರೂ ಹೇಳಿದ್ದರು. ನನಗೆ ಸೀಟು ಸಿಕ್ಕಿದ್ದು ಆ ದೇಶದ ಒಂದು ರಾಜ್ಯವಾದ ಬಾಡೆನ್-ವ್ಯುರ್ಟೆಂಬರ್ಗ್‌ನಲ್ಲಿ; ಅಲ್ಲಿ ನಮ್ಮಂಥವರು ಸೆಮಿಸ್ಟರ್‌ಗೆ 1,500 ಯೂರೋ ತೆರಬೇಕು. ಅದಕ್ಕೂ ಮೊದಲು ಎರಡು ಕಡೆ ಪ್ರವೇಶ ಪರೀಕ್ಷೆಯಲ್ಲಿ ಸೋತಿದ್ದೆ. ಕೈಗೆ ಕೋಲು ಕೊಡುವುದು ಆಮೇಲೆ. ಮೊದಲು ಪಿಯಾನೋ ಮುಂದೆ ಕೂರಿಸಿ, ಎಲ್ಲ ವಾದ್ಯಗಳ ಸ್ವರಲಿಪಿ ಒಟ್ಟಿಗಿರುವ ಪುಸ್ತಕ ತೆರೆದಿಟ್ಟರು. ವಿಯೋಲಾದ ಸಾಲಿಗೆ ಬೇರೆಯೇ ಕ್ಲೆಫ್ (ಯಾವ ಗೆರೆ ಯಾವ ಸ್ವರ ಎಂದು ತಿಳಿಸುವ ಗುರುತು), ಬಿ ಫ್ಲ್ಯಾಟ್ ಕ್ಲಾರಿನೆಟ್ಟಿನ ಸಾಲನ್ನು ಒಂದು ಪೂರ್ಣ ಸ್ವರ ಇಳಿಸಿ ಓದಬೇಕು. ನಾಲ್ಕನೇ ಸಾಲಿಗೆ ಬೆರಳು ನಿಂತೇ ಹೋಯಿತು. ಪದವಿ ಪಡೆದವರಲ್ಲೂ ಬಹಳ ಮಂದಿ ಒಪೆರಾ ಮನೆಗಳ ತಾಲೀಮಿನಲ್ಲಿ ಗಾಯಕರಿಗೆ ಪಿಯಾನೋ ನುಡಿಸುತ್ತಲೇ ಮೇಲೇರಬೇಕು. ಅಪ್ಪನ ನಿವೇಶನ ಮಾರಿದ ಹಣ ಮೂರನೇ ವರ್ಷಕ್ಕೆ ಕರಗಿತು, ಮರಳಿದೆ. ನೆಂಟರು ಈಗಲೂ ಯಾವ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾ ಎಂದು ಕೇಳುತ್ತಾರೆ.

ಕಾಲುಪೇಟಿ: ಪರದೇಶವೇ ಏಕೆ ಬೇಕು? ಬಿ.ವಿ. ಕಾರಂತರು ಹುಡುಗರಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದವರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ನಾನು ಇಪ್ಪತ್ತೆರಡು ವರ್ಷಗಳಿಂದ ರಂಗಸಂಗೀತದಲ್ಲೇ ಇದ್ದೇನೆ. ಕಳೆದ ನಾಟಕಕ್ಕೆ 45 ದಿನ ತಾಲೀಮು, ಸಿಕ್ಕಿದ್ದು 18,000 ರೂಪಾಯಿ. ಢೋಲಕ್‌ನವನಿಗೆ 6,000, ಪೇಟಿಯ (ಹಾರ್ಮೋನಿಯಂ) ಶ್ರುತಿ ಮಾಡಿಸಲು 3,500, ಬಸ್ಸಿಗೆ 2,240. ಉಳಿದದ್ದು 6,260. ಸಾಗರದ ಪ್ರದರ್ಶನದ ದಿನ ಜಡಿಮಳೆ. ಷಡ್ಜದ ರೀಡೇ ತೇವಕ್ಕೆ ಕಚ್ಚಿಕೊಂಡು ಮೂಕವಾಯಿತು. ತಿದಿ ತುಳಿಯುತ್ತಲೇ ಕರಿ ಎರಡರ (ಪೇಟಿಯ ಎರಡನೇ ಕಪ್ಪು ಮನೆಯ ಶ್ರುತಿ) ಹಾಡನ್ನು ಕರಿ ಒಂದಕ್ಕೆ ಇಳಿಸಿದೆ; ಹದಿನಾಲ್ಕು ನಟರು ನನ್ನ ತಲೆಯಾಟ ನೋಡಿಯೇ ಹೊಸ ಶ್ರುತಿ ಹಿಡಿದರು. ವೃಂದ ನಡೆಸುವುದೆಂದರೆ ಇದೇ.

ಮರಳಿ ಬಂದವನು: ಅಲ್ಲ ಸ್ವಾಮಿ. ಅರವತ್ತು ಮಂದಿ ನುಡಿಸುವಾಗ ಎರಡನೇ ಓಬೋ ವಾದ್ಯದವನು ತಪ್ಪಿದ್ದನ್ನು ಕಿವಿಯಲ್ಲೇ ಹಿಡಿಯುವ ವಿದ್ಯೆ ಅದು. ತಲೆಯಾಡಿಸುವುದನ್ನು ಅದಕ್ಕೆ ಹೋಲಿಸಬೇಡಿ.

ಕಾಲುಪೇಟಿ: ನಿವೇಶನ ಮಾರಿಯೂ ಮುಗಿಸದೆ ಬಂದವರು ನನಗೆ ಪಾಠ ಹೇಳಬೇಕಿಲ್ಲ. 1940ರಲ್ಲಿ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟಾಗಲೂ ಕಂಪನಿಯವರು ಅದರ ಕೈಬಿಡಲಿಲ್ಲ.

ಮುಂಬೈ ಪಿಟೀಲು: ಅಮೆರಿಕದ ಲಿಯೊನಾರ್ಡ್ ಬರ್ನ್‌ಸ್ಟೈನ್ ಆರ್ಕೆಸ್ಟ್ರಾ ನಡೆಸುವುದು, ರಂಗಕ್ಕೆ ಸಂಗೀತ ಬರೆಯುವುದು ಎರಡನ್ನೂ ಮಾಡಿದರಲ್ಲ! 1943ರ ನವೆಂಬರ್ 14ರಂದು ಅಂದು ನಡೆಸಬೇಕಿದ್ದ ಬ್ರೂನೋ ವಾಲ್ಟರ್ ಕಾಯಿಲೆ ಬಿದ್ದರು. ಇಪ್ಪತ್ತೈದರ ಸಹಾಯಕರಾಗಿದ್ದ ಇವರು ತಾಲೀಮೇ ಇಲ್ಲದೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ನಡೆಸಿದರು. 1957ರಲ್ಲಿ ಇವರೇ ಸಂಗೀತ ಬರೆದ ‘ವೆಸ್ಟ್ ಸೈಡ್ ಸ್ಟೋರಿ’ ರಂಗಕ್ಕೆ ಬಂತು. ನಾನೂ ಒಂದು ತಂಡದಲ್ಲಿ ಆರು ವರ್ಷ ಎರಡನೇ ಪಿಟೀಲು ನುಡಿಸುತ್ತ ಅಂಥ ದಿನಕ್ಕೆ ಕಾದೆ. ಸಿಕ್ಕಿದ್ದು ಒಂದು ತಾಲೀಮು, ಇಪ್ಪತ್ತು ನಿಮಿಷ.

ಮೈಸೂರಿನವಳು: ಮೈಸೂರನ್ನು ಯಾರೂ ನೆನೆಯಲಿಲ್ಲ. ಜಯಚಾಮರಾಜ ಒಡೆಯರ್ 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದವರು. ರಷ್ಯದ ಸಂಗೀತ ರಚನಕಾರ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ.

ಕಾಲುಪೇಟಿ: ಆ ಹಣದಲ್ಲಿ ಎಷ್ಟು ನಾಟಕ ಕಂಪನಿಗಳು ಬದುಕುತ್ತಿದ್ದವೋ!

ಮೈಸೂರಿನವಳು: ಶ್ರೀವಿದ್ಯಾ ಅಂಕಿತದಲ್ಲಿ 94 ಕೀರ್ತನೆ ರಚಿಸಿದವರ ಬಗ್ಗೆ ನಾಲಿಗೆ ಬಿಗಿಹಿಡಿದು ಮಾತನಾಡಿ.

ಧಾರವಾಡದ ತಂದೆ: ಖಾತೆಯ ಹಣವನ್ನು ಒಂದೇ ಸಲಕ್ಕೆ ಕಟ್ಟಬೇಕೇ?

ಮರಳಿ ಬಂದವನು: ಒಂದೇ ಸಲಕ್ಕೆ. 11,904 ಕಟ್ಟಿದರೆ ತಿಂಗಳಿಗೆ 992 ಯೂರೋ ಮಾತ್ರ ತೆಗೆಯಲು ಬಿಡುತ್ತಾರೆ.