‘ಸೆಟ್’ಗೆ ಕನ್ನಡದಾಗ ಒಂದೇ ಪದ ಸಿಗಂಗಿಲ್ಲೇನ್ರಿ?

ಫರ್ಸಿಕಲ್ಲು, ಕಲಬುರಗಿ

ಅನುವಾದಕ್ಕ ಮೂರು ಕಡತ ಬಂದಾವ: ಸಿಮೆಂಟ್ ಕೈಪಿಡಿ, ತೊಗರಿ-ಕಬ್ಬಿನ ಕರಪತ್ರ, ಕೋರ್ಟಿನ ಆದೇಶ. ಮೂರರಾಗೂ ‘ಸೆಟ್’ ಕಾಡ್ಲತ್ತದ. ‘ಸೆಟ್ಟಿಂಗ್ ಟೈಮ್’, ‘ಪಾಡ್ ಸೆಟ್’, ‘ಆರ್ಡರ್ ಈಸ್ ಸೆಟ್ ಅಸೈಡ್’. ನಿಘಂಟಿನಾಗಿನ ‘ಇಡು, ಹೊಂದಿಸು, ಜೋಡಿ’ ಒಂದೂ ಒಪ್ಪಂಗಿಲ್ಲ. ಎಲ್ಲಾ ಕಡೆ ನಡೆಯೋ ಪದ ಅದನ? ಇಲ್ಲಾಂದ್ರ ಯಾವ ಲೆಕ್ಕದ ಮ್ಯಾಲ ಆರಿಸಬೇಕು?

ಬುರುಜಿನ ಪಾರಿವಾಳ, ಬೀದರ್

ಒಂದೇ ಪದ ಹುಡುಕೂದು ಬಿಡ್ರಿ. 1989ರ ಆಕ್ಸ್‌ಫರ್ಡ್ ನಿಘಂಟಿನಾಗ ಈ ಕ್ರಿಯಾಪದ ಒಂದಕ್ಕೇ 430 ಅರ್ಥ. ಆದ್ರ ಬೇರು ಎರಡೇ. ಕ್ರಿಯಾಪದ ‘ಸೆಟ್’ ಅಂದ್ರ ‘ಸಿಟ್’ ಮಾಡಿಸೂದು. ಹಳೆ ಇಂಗ್ಲಿಷಿನಾಗ ‘ಸೆಟ್ಟನ್’. ನಮ್ಮ ಕೂಡು, ಕೂಡಿಸು ಇದ್ದಂಗ. ಗುಂಪು ಅನ್ನೋ ನಾಮಪದ ಬ್ಯಾರೆ ಮನೀದು: ಲ್ಯಾಟಿನ್ ‘ಸೆಕ್ಟಾ’ ಹಳೆ ಫ್ರೆಂಚಿನ ಹಾದಿಯಿಂದ ಬಂತು. ಪಂಥ ಅನ್ನೋ ಅರ್ಥದ ‘ಸೆಕ್ಟ್’ ಅದರ ಒಡಹುಟ್ಟು.

ಮಜಾ ಏನಂದ್ರ ನಮ್ಮ ‘ಕೂಡಿಸು’ನೂ ಇವೇ ಎರಡು ಕೆಲಸ ಮಾಡ್ತದ. ಬೀಗರನ್ನ ಪಾಟಿನ ಮ್ಯಾಲ ಕೂಡಿಸ್ತೀವಿ, ಲೆಕ್ಕಾನೂ ಕೂಡಿಸ್ತೀವಿ. ಹಂಗಾಗಿ ಮೊದಲು ಇದನ್ನೇ ಹಾಕಿ ನೋಡ್ರಿ. ಉಂಗುರಕ್ಕ ಹರಳು ಕೂಡಿಸು, ಮುರಿದ ಎಲುಬು ಕೂಡಿಸು, ಕೋಳೀನ ಕಾವಿಗೆ ಕೂಡಿಸು: ಮೂರಕ್ಕೂ ಇಂಗ್ಲಿಷಿನಾಗ ‘ಸೆಟ್’ ಅಂತಾರ. ಬಿದ್ರಿ ಕೆಲಸಕ್ಕ ಮಾತ್ರ ಹಚ್ಚಬ್ಯಾಡ್ರಿ. ಅಲ್ಲಿ ಉಳಿಯಿಂದ ಗೀರು ತೆಗೆದು, ಬೆಳ್ಳಿ ತಂತಿ ಇಟ್ಟು ಬಡಿದು ಇಳಿಸ್ತಾರ, ಅದು ‘ಇನ್‌ಲೇ’.

‘ಕೂಡಿಸು’ ಕೂಡದಿದ್ರ, ಸೆಟ್ ಆಗೂದು ತಾನೇನಾ, ಯಾರಾರ ಮಾಡೂದಾ ಅಂತ ಕೇಳ್ಕೋರಿ. ತಾನೇ ಆಗೂದಕ್ಕ ಒಂದೊಂದಕ್ಕ ಒಂದೊಂದು ಮಾತು: ಹೊತ್ತು ಮುಳುಗ್ತದ, ಮೊಸರು ಹೆಪ್ಪುಗಟ್ಟತದ, ಮಳಿ ಹಿಡೀತದ. ಮಾಡೋರು ಇದ್ರ ಏನನ್ನ ಮಾಡ್ತಾರ ನೋಡ್ರಿ: ಅಲಾರಂ ಇಡ್ತಾರ, ಬೆಂಕಿ ಹಚ್ಚತಾರ, ಪ್ರಶ್ನೆಪತ್ರಿಕೆ ತೆಗೀತಾರ. ಗಣಿತದಾಗ ‘ಗಣ’, ಅಲ್ಲಿಗೆ ಮುಗೀತು.

ವಾಡಿ ಲೂಪ್‌ಲೈನ್

ಸಿಮೆಂಟಿನ ಕಡತದಲ್ಲಿ ‘ಸೆಟ್’ಗೆ ‘ಗಟ್ಟಿಯಾಗು’ ಅಂತ ಬರೆಯಬೇಡಿ. ಸೆಟ್ ಅಂದರೆ ನೀರಲ್ಲಿ ಕಲಸಿದ ಸಿಮೆಂಟು ಮೆದುತನ ಕಳೆದುಕೊಂಡು ಬಿಗಿಯುವುದು, ಅಷ್ಟೇ. ಬಲ ಬರುವುದು ಆಮೇಲೆ. ಅದನ್ನು 28ನೇ ದಿನದವರೆಗೆ ಅಳೆಯುತ್ತಾರೆ, ‘ಹಾರ್ಡನಿಂಗ್’ ಅಂದರೆ ಅದು. ‘ಬಿಗಿತ’, ‘ಗಟ್ಟಿಯಾಗುವಿಕೆ’ ಎಂದು ಎರಡು ಪದ ಇಟ್ಟುಕೊಳ್ಳಿ.

ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಭಾರತೀಯ ಮಾನಕದ ಪ್ರಕಾರ ಆರಂಭಿಕ ಬಿಗಿತ 30 ನಿಮಿಷಕ್ಕಿಂತ ಮೊದಲೇ ಬರಕೂಡದು, ಅಂತಿಮ ಬಿಗಿತ 600 ನಿಮಿಷ ದಾಟಕೂಡದು. ಬಿಗಿತ ಅಳೆಯುವ ವಿಕಾಟ್ ಉಪಕರಣದಲ್ಲಿ, ಸಿಮೆಂಟು ತುಂಬಿದ ಅಚ್ಚಿಗೆ ಇಳಿಬಿಟ್ಟ ಸೂಜಿ ತಳ ಮುಟ್ಟದೆ ಸುಮಾರು 5 ಮಿ.ಮೀ. ಮೇಲೆಯೇ ನಿಂತಿತೋ, ಅದು ಆರಂಭಿಕ ಬಿಗಿತ. ಇದನ್ನೇ ‘600 ನಿಮಿಷಕ್ಕೆ ಗಟ್ಟಿಯಾಗುತ್ತದೆ’ ಎಂದು ಬರೆದರೆ, ಓದಿದವನು ಹತ್ತು ಗಂಟೆಗೇ ಸೆಂಟ್ರಿಂಗ್ ಬಿಚ್ಚಲು ಹೊರಟಾನು!

ಕೈಪಿಡಿಯಲ್ಲಿ ಇನ್ನೆರಡು ಬರಬಹುದು. ‘ಫಾಲ್ಸ್ ಸೆಟ್’ ಅಂದರೆ ಹುಸಿ ಬಿಗಿತ: ನೀರು ಹಾಕದೆ ಮತ್ತೆ ಕಲಸಿದರೆ ಸಡಿಲಾಗುತ್ತದೆ. ‘ಫ್ಲ್ಯಾಶ್ ಸೆಟ್’ ದಿಢೀರ್ ಬಿಗಿತ: ಬಿಗಿತ ನಿಧಾನಿಸಲು ಸಿಮೆಂಟಿಗೆ ಬೆರೆಸುವ ಜಿಪ್ಸಮ್ ಕಡಿಮೆಯಾದಾಗ ಬರುತ್ತದೆ, ಶಾಖ ಏಳುತ್ತದೆ, ಕಲಸಿದರೂ ಮೊದಲಿನಂತಾಗದು.

ಭೀಮಾ ದಂಡೆ, ಯಾದಗಿರಿ

‘ಪಾಡ್ ಸೆಟ್’ ಅಂದ್ರ ಕಾಯಿ ಕಟ್ಟೂದು, ತೊಗರಿ ಹಾಕೋರೆಲ್ಲಾ ಹಂಗೇ ಅಂತಾರ. ಎಡವೂದು ಕಬ್ಬಿನ ಪುಟದಾಗ. ಅಲ್ಲಿ ‘ಸೆಟ್ಸ್’ ಕಂಡ್ರ ಕಾಗುಣಿತ ನೋಡ್ರಿ: ‘ಟಿ’ ಎರಡಿದ್ರ ಅದು ನಾಟಿ ಮಾಡೋ ತುಂಡು. ‘ಟೂ ಬಡ್ ಸೆಟ್ಸ್’ ಅಂದ್ರ ಎರಡು ಕಣ್ಣಿನ ತುಂಡು. ‘ಎರಡು ಮೊಗ್ಗಿನ ಜೋಡಿ’ ಅಂತ ಬರೆದ್ರ ರೈತ ಕರಪತ್ರ ಮಡಚಿ ಕಿಸೆಕ್ಕ ಹಾಕ್ಕೊತಾನ.

ಕರಿಕೋಟು, ಕಲಬುರಗಿ

ಆದೇಶ, ತೀರ್ಪಿಗೆ ‘ಸೆಟ್ ಅಸೈಡ್’ ಬಂದರೆ ‘ರದ್ದುಪಡಿಸು’. ‘ಬದಿಗಿಟ್ಟಿದೆ’ ಎಂದು ಬರೆದರೆ ಕಕ್ಷಿದಾರ ತೀರ್ಮಾನ ಇನ್ನೂ ಬಾಕಿ ಇದೆ ಎಂದುಕೊಳ್ಳುತ್ತಾನೆ. ಹಣಕ್ಕೆ ಬಂದರೆ ಮಾತ್ರ ‘ತೆಗೆದಿಡು’. ‘ಸೆಟ್ ಆಫ್’ ಕೂಡ ಹುಷಾರು: ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 8, ನಿಯಮ 6ರಲ್ಲಿ ಅದು ಹೊರಡುವುದಲ್ಲ, ಬಾಕಿಗೆ ಬಾಕಿ ವಜಾ ಹಾಕುವುದು. ವಾದಿಗೆ 50,000 ಕೊಡಬೇಕು, ಅವನಿಂದ 20,000 ಬರಬೇಕು ಅಂದರೆ ಉಳಿಯುವುದು 30,000.

ಕಾಲವನ್ನೂ ಗಮನಿಸಿ. ‘ಸೆಟ್’ಗೆ ಮೂರೂ ರೂಪ ಒಂದೇ. ‘ದಿ ಕೋರ್ಟ್ ಸೆಟ್ಸ್’ ಎಂದಿದ್ದರೆ ವರ್ತಮಾನ. ಕೊನೆಯ ‘ಎಸ್’ ಇಲ್ಲದಿದ್ದರೆ ‘ರದ್ದುಪಡಿಸಿತು’.

ಫರ್ಸಿಕಲ್ಲು, ಕಲಬುರಗಿ

ಕೆಲಸ ಆತ್ರಿ. ಇನ್ನೊಂದು: ‘ಅವರಿಬ್ಬರಿಗೂ ಸೆಟ್ ಆಗಲ್ಲ’ ಅಂತೀವಲ್ಲ, ಇಂಗ್ಲಿಷಿಗೆ ಹೋಗುವಾಗ ಅದನ್ನ ಹಂಗೇ ಒಯ್ಯಬಹುದಾ?

ಬುರುಜಿನ ಪಾರಿವಾಳ, ಬೀದರ್

ಒಯ್ಯಬ್ಯಾಡ್ರಿ, ಆ ಅರ್ಥ ನಾವು ಕಟ್ಟಿದ್ದು. ಮಂದಿಗೆ ‘ಗೆಟ್ ಅಲಾಂಗ್’, ಅಂಗಿ ಅಳತಿಗೆ ‘ಫಿಟ್’, ಬಣ್ಣ ಒಪ್ಪಿದ್ರ ‘ಸೂಟ್’.