ಗಂಡನಿಗೆ ಘಾಟಿ ಆಗಲ್ಲ, ಕೈಯಲ್ಲಿರೋದು ₹12,000: ಇಬ್ಬರೇ ಎಲ್ಲಿಗೆ ಹೋಗೋಣ?

ಕೇಳಿದ್ದು: ಮದುವೆಯಾಗಿ ಎರಡು ವರ್ಷ ಆಯಿತು. ಹನಿಮೂನ್ ಅಂತ ಎಲ್ಲೂ ಹೋಗಿಲ್ಲ, ಮದುವೆ ಸಾಲ ತೀರಿಸೋದರಲ್ಲೇ ಕಳೆಯಿತು. ಜನವರಿ ಕೊನೆಗೆ ವೆಡ್ಡಿಂಗ್ ಆನಿವರ್ಸರಿ. ಈ ಸಲ ಎಲ್ಲ ಏರ್ಪಾಟು ನಾನೇ ಮಾಡಿ ಗಂಡನಿಗೆ ಸರ್‌ಪ್ರೈಸ್ ಕೊಡಬೇಕು ಅಂತಿದ್ದೇನೆ. ಬೆಂಗಳೂರಿನಿಂದ ಹೊರಡೋದು, ಮೂರು ದಿನ, ಎಲ್ಲ ಸೇರಿ ₹12,000. ಕಾರಿಲ್ಲ. ಬಸ್ಸಲ್ಲಿ ಘಾಟಿ ಹತ್ತಿದರೆ ಅವರಿಗೆ ವಾಂತಿ ಗ್ಯಾರಂಟಿ. ಇಬ್ಬರೂ ಮೀನು ತಿನ್ನುತ್ತೇವೆ. ರೆಸಾರ್ಟ್ ಬೇಡ, ಹಾಗಂತ ಬಸ್ ಸ್ಟ್ಯಾಂಡ್ ಪಕ್ಕದ ಲಾಡ್ಜೂ ಬೇಡ. ಹೋಗಿ ಬಂದವರು ಹೇಳಿ.

ಕುಮಟಾದಿಂದ: ಮೀನು ಬೇಕು, ಬಸ್ಸಲ್ಲಿ ಘಾಟಿ ಬೇಡ, ಮೂರು ದಿನ ಅಂದಮೇಲೆ ಯೋಚನೆ ಯಾಕೆ? ಗೋಕರ್ಣಕ್ಕೆ ಬನ್ನಿ. ನನ್ನ ಊರಿನ ಕಡೆ ಅಂತ ಹೇಳುತ್ತಿಲ್ಲ. (ಸ್ವಲ್ಪ ಅದೂ ಇದೆ.) ಬೆಂಗಳೂರು–ಕಾರವಾರ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಡುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ದಾಟುವಾಗ ನಡುರಾತ್ರಿ, ನಿಮ್ಮ ಯಜಮಾನರು ನಿದ್ದೆಯಲ್ಲಿರುತ್ತಾರೆ. ಬೆಳಗ್ಗೆ ಗೋಕರ್ಣ ರೋಡ್‌ನಲ್ಲಿ ಇಳಿದರೆ ಊರು ಇನ್ನು ಹತ್ತು ಕಿ.ಮೀ. ರೈಲು ಬರೋ ಹೊತ್ತಿಗೆ ಆಟೋದವರು ಸಾಲಾಗಿ ನಿಂತಿರುತ್ತಾರೆ. ಹತ್ತೋ ಮೊದಲೇ ರೇಟು ಮಾತಾಡಿ. ಸ್ಲೀಪರ್‌ನಲ್ಲಿ ಇಬ್ಬರು ಹೋಗಿ ಬರೋದು ₹2,000ದೊಳಗೆ ಮುಗಿಯುತ್ತದೆ.

ರೂಮು ಊರೊಳಗೆ ಮಾಡಬೇಡಿ. ಕುಡ್ಲೆ ಬೀಚ್ ಮೇಲೆ ಮಾಡಿ. ಓಂ ಬೀಚಿಗೆ ಹೆಸರು ಜಾಸ್ತಿ, ಜನವೂ ಜಾಸ್ತಿ. ಕುಡ್ಲೆಯಲ್ಲಿ ಮರಳಿಗೆ ಅಂಟಿಕೊಂಡಂತೇ ಸಣ್ಣ ಸಣ್ಣ ರೂಮುಗಳಿವೆ. ಜನವರಿಯ ವಾರದ ದಿನಗಳಲ್ಲಿ ಅಟ್ಯಾಚ್ಡ್ ಬಾತ್‌ರೂಮ್ ಇರೋದು ₹1,500 ಆಸುಪಾಸು ಸಿಗುತ್ತದೆ. ಹೊರಗೆ ಒಂದು ಜಗುಲಿ, ಎರಡು ಪ್ಲಾಸ್ಟಿಕ್ ಕುರ್ಚಿ, ಎದುರಿಗೆ ಪಡುವಣ ಸಮುದ್ರ. ಸಂಜೆ ಎಲ್ಲೂ ಹೋಗೋದು ಬೇಡ. ಸೂರ್ಯ ನಿಮ್ಮೆದುರಿಗೇ ಮುಳುಗುತ್ತಾನೆ, ಟಿಕೆಟ್ ಇಲ್ಲ.

ಎರಡನೇ ದಿನ ಕುಡ್ಲೆಯಿಂದ ಓಂ ಬೀಚಿಗೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆದು ಹೋಗಿ. ಅರ್ಧ ಗಂಟೆ ಸಾಕು. ಅಲ್ಲಿಂದ ಮುಂದೆ ಹಾಫ್ ಮೂನ್, ಆಮೇಲೆ ಪ್ಯಾರಡೈಸ್. ಆ ದಾರಿ ಬಂಡೆ ಮೇಲೆ ಹತ್ತಿಳಿಯುತ್ತದೆ, ಹವಾಯಿ ಚಪ್ಪಲಿಯಲ್ಲಿ ಬೇಡ. ಕತ್ತಲಾಗೋ ಮೊದಲು ವಾಪಸ್ ಬನ್ನಿ. ನಡೆಯೋಕೆ ಬೇಜಾರಾದರೆ ಓಂ ಬೀಚಿನಿಂದ ದೋಣಿ ಇರುತ್ತದೆ, ಆದರೆ ಇಬ್ಬರೇ ಹತ್ತಿದರೆ ದುಬಾರಿ. ಇನ್ನೂ ನಾಲ್ಕು ಜನ ಸೇರೋ ತನಕ ಕಾಯಿರಿ.

ಮಹಾಬಲೇಶ್ವರ ದೇವಸ್ಥಾನಕ್ಕೆ ಹೋಗೋದಾದರೆ ಅವರಿಗೊಂದು ಪಂಚೆ ಬ್ಯಾಗಿನಲ್ಲಿರಲಿ, ಪ್ಯಾಂಟಿನಲ್ಲಿ ಒಳಗೆ ಬಿಡುವುದಿಲ್ಲ. ರಥಬೀದಿಯ ಹೋಟೆಲುಗಳಲ್ಲಿ ಸಸ್ಯಾಹಾರ. ಮೀನು ಬೇಕಂದರೆ ಬೀಚ್ ಶ್ಯಾಕ್‌ಗಳಲ್ಲಿ ಸಿಗುತ್ತದೆ, ಆದರೆ ಅಲ್ಲಿ ದುಡ್ಡು ಜಾಸ್ತಿ, ಮಸಾಲೆ ಸಪ್ಪೆ. ಒಂದು ಮಧ್ಯಾಹ್ನ ಬಸ್ಸು ಹತ್ತಿ ಕುಮಟೆಗೋ ಅಂಕೋಲೆಗೋ ಬಂದು ಸರಿಯಾದ ಮೀನೂಟ ಮಾಡಿ. ಕುಮಟಾ ದಾರಿಯಲ್ಲೇ ಮಿರ್ಜಾನ ಕೋಟೆಯೂ ಸಿಗುತ್ತದೆ. ಕಾಳುಮೆಣಸಿನ ರಾಣಿ ಅಂತ ಹೆಸರಾದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದ ಜಾಗ, ಕೆಂಪು ಜಂಬಿಟ್ಟಿಗೆ ಕಲ್ಲಿನದು.

ಬೆಂಗಳೂರಿನಿಂದ: ಗೋಕರ್ಣ ಆಗಲಿ ಎಲ್ಲಿಯೇ ಆಗಲಿ, ತಾರೀಖು ನೋಡಿ. ಜನವರಿ 26ಕ್ಕೆ ಶನಿವಾರ, ಭಾನುವಾರ ಅಂಟಿಕೊಂಡರೆ ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ, ರೂಮಿನ ರೇಟು ಡಬಲ್. ಶಿವರಾತ್ರಿ ಸುತ್ತಮುತ್ತ ಗೋಕರ್ಣ ಬೇಡವೇ ಬೇಡ. ಆನಿವರ್ಸರಿ ದಿನವೇ ಅಲ್ಲಿರಬೇಕು ಅಂತ ಹಠ ಇಲ್ಲದಿದ್ದರೆ ಸೋಮವಾರ ಹೋಗಿ ಗುರುವಾರ ಬನ್ನಿ. ಉಳಿದ ದುಡ್ಡಲ್ಲಿ ಇನ್ನೊಂದು ರಾತ್ರಿ ಇರಬಹುದು.

ಸಾಗರದಿಂದ: ನಮ್ಮ ಕಡೆಗೂ ರಾತ್ರಿ ರೈಲಿದೆ, ತಾಳಗುಪ್ಪದ್ದು. ಬೆಳಗ್ಗೆ ಸಾಗರದಲ್ಲಿ ಇಳಿಯಬಹುದು. ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ: ಜನವರಿಯಲ್ಲಿ ಜೋಗ ನೋಡೋಕೆ ಅಂತ ಬರಬೇಡಿ. ಲಿಂಗನಮಕ್ಕಿಯಲ್ಲಿ ನೀರು ಹಿಡಿದಿಟ್ಟಿರುತ್ತಾರೆ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೇರಿ ಒಂದು ಗೆರೆಯಷ್ಟು ಇಳಿಯುತ್ತವೆ. ಆಗಸ್ಟಿಗೆ ಬಂದರೆ ಮಾತೇ ಬೇರೆ.

ಜೋಗದ ಆಸೆ ಬಿಟ್ಟು ಸುಮ್ನೆ ಇಬ್ಬರೇ ಕೂತು ಮಾತಾಡೋ ಜಾಗ ಬೇಕಂದರೆ ಇಕ್ಕೇರಿ, ಕೆಳದಿ ಇವೆ. ಎರಡೂ ಸಾಗರಕ್ಕೆ ಹತ್ತಿರ. ಇಕ್ಕೇರಿ ಅಘೋರೇಶ್ವರ ದೇವಸ್ಥಾನದಲ್ಲಿ ವಾರದ ದಿನ ಮಧ್ಯಾಹ್ನ ಅರ್ಚಕರು, ನೀವು ಅಷ್ಟೇ. ಕೆಳದಿಯಲ್ಲಿ ತಲೆ ಎತ್ತಿ ಚಾವಣಿಯ ಗಂಡಭೇರುಂಡ ನೋಡೋದು ಮರೀಬೇಡಿ. ಸಿಗಂದೂರಿಗೆ ಲಾಂಚ್‌ನಲ್ಲಿ ಹೋಗೋ ಆಸೆ ಇದ್ದವರಿಗೆ: 2025ರ ಜುಲೈನಲ್ಲಿ ಸೇತುವೆ ತೆರೆದಿದೆ, ಈಗ ಬಸ್ಸಲ್ಲೇ ಹಿನ್ನೀರು ದಾಟಬಹುದು. ಊರಿನವರಿಗೆ ಒಳ್ಳೆಯದಾಯಿತು. ಪ್ರವಾಸಕ್ಕೆ ಬಂದವರಿಗೆ ಲಾಂಚ್‌ನ ಮಜಾ ಹೋಯಿತು.

ಇನ್ನೊಂದು, ನಿಮ್ಮ ಬಜೆಟ್ಟಿಗೆ ಸಂಬಂಧಪಟ್ಟದ್ದು. ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನಿಮಗೆ ಶೂನ್ಯ ಟಿಕೆಟ್. ಗಂಡನಿಗೆ ಮಾತ್ರ ದುಡ್ಡು. ಕರ್ನಾಟಕದ ವಿಳಾಸ ಇರೋ ಆಧಾರ್ ಜೊತೆಗಿರಲಿ. ರಾಜಹಂಸ, ಎಸಿ ಬಸ್ಸಿಗೆ ಇದು ನಡೆಯೋದಿಲ್ಲ, ಖಾಸಗಿ ಬಸ್ಸಿಗೂ ಇಲ್ಲ. ನಮ್ಮ ಕಡೆ ಖಾಸಗಿ ಬಸ್ಸೇ ಜಾಸ್ತಿ, ಹತ್ತೋ ಮೊದಲು ಬೋರ್ಡು ನೋಡಿ.

ಬಳ್ಳಾರಿ ಕಡೆಯಿಂದ: ಮೀನು ಮೂರು ದಿನ ಮರೆಯೋದಾದರೆ ಜನವರಿಗೆ ಹಂಪಿಯಷ್ಟು ಚೆಂದದ ಊರಿಲ್ಲ. ಏಪ್ರಿಲ್‌ನಲ್ಲಾದರೆ ನಾನೇ ಬೇಡ ಅನ್ನುತ್ತಿದ್ದೆ, ಬಂಡೆ ಕಾದ ಹೆಂಚು. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿ ಬೆಳಗ್ಗೆ ಹೊಸಪೇಟೆಯಲ್ಲಿ ಇಳಿಯಿರಿ. ಅಲ್ಲಿಂದ 13 ಕಿ.ಮೀ. ಸರ್ಕಾರಿ ಬಸ್ಸು, ದಾರಿಯಲ್ಲಿ ಘಾಟಿ ಇಲ್ಲ. ವಿಜಯ ವಿಠ್ಠಲ ದೇವಸ್ಥಾನದ ಟಿಕೆಟ್ ಎಸೆಯಬೇಡಿ, ಅದೇ ದಿನ ಕಮಲ ಮಹಲಿಗೂ ನಡೆಯುತ್ತದೆ. ಹೇಮಕೂಟದ ಸಂಜೆ ಪುಕ್ಕಟೆ. ಹಂಪಿ ಉತ್ಸವ ಯಾವಾಗ ಅಂತ ಮಾತ್ರ ಮೊದಲೇ ವಿಚಾರಿಸಿ, ಆ ದಿನಗಳಲ್ಲಿ ರೂಮು ಸಿಗೋದು ಕಷ್ಟ.

ಹಾಸನದಿಂದ: ಯಾರಾದರೂ ಚಿಕ್ಕಮಗಳೂರು ಹೋಮ್‌ಸ್ಟೇ ಅನ್ನೋ ಮೊದಲೇ ಹೇಳಿಬಿಡುತ್ತೇನೆ. ಘಾಟಿ ವಿಷಯ ಬಿಡಿ, ಲೆಕ್ಕ ನೋಡಿ. ಹೋಮ್‌ಸ್ಟೇ ರೇಟು ರೂಮಿಗಲ್ಲ, ತಲೆಗೆ. ನಾವು ಹೋದ ಒಂದು ಕಡೆ ಫೋನಿನಲ್ಲಿ ‘ಎಲ್ಲ ಸೇರಿ’ ಅಂದರು. ಹೊರಡೋವಾಗ ಕ್ಯಾಂಪ್‌ಫೈರ್‌ಗೆ ಬೇರೆ, ಜೀಪಿಗೆ ಬೇರೆ. ಅದಕ್ಕಿಂತ ಬೇಸರ ಅಂದರೆ ಪಕ್ಕದ ರೂಮುಗಳಲ್ಲಿ ಹನ್ನೆರಡು ಹುಡುಗರ ಗುಂಪು, ಸ್ಪೀಕರ್ ಬೇರೆ. ನಾವಿಬ್ಬರೂ ಮಾತಾಡಬೇಕಂದರೆ ಕೂಗಬೇಕಿತ್ತು. ಎಲ್ಲೇ ಬುಕ್ ಮಾಡಿ, ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: ಆ ದಿನ ಗುಂಪು ಇದೆಯಾ? ಯಾವುದಕ್ಕೆಲ್ಲ ಬೇರೆ ದುಡ್ಡು? ಉತ್ತರ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ.

ಮೈಸೂರಿನಿಂದ: ನಾನು ಬೇರೆ ಮಾತು ಹೇಳುತ್ತೇನೆ. ಸರ್‌ಪ್ರೈಸ್ ಅಂತ ತಾರೀಖನ್ನೂ ಮುಚ್ಚಿಡಬೇಡಿ. ಅವರಿಗೆ ರಜೆ ಸಿಗದಿದ್ದರೆ? ‘ಈ ಮೂರು ದಿನ ರಜೆ ಹಾಕು’ ಅಂತ ಈಗಲೇ ಹೇಳಿ, ಊರನ್ನು ಮಾತ್ರ ಗುಟ್ಟಾಗಿಡಿ. ಟಿಕೆಟ್ ಮಾಡಿಸುವಾಗ ನಿಮ್ಮ ಮೊಬೈಲ್ ನಂಬರೇ ಕೊಡಿ, ಇಲ್ಲದಿದ್ದರೆ ಮೆಸೇಜು ಸೀದಾ ಅವರಿಗೇ ಹೋಗಿ ಗುಟ್ಟು ರಟ್ಟು. ರೂಮಿನಲ್ಲಿ ಇಬ್ಬರ ಗುರುತಿನ ಚೀಟಿಯನ್ನೂ ಕೇಳುತ್ತಾರೆ, ಅವರದ್ದು ಪರ್ಸಿನಲ್ಲಿದೆಯಾ ನೋಡಿಕೊಳ್ಳಿ. ಮತ್ತೆ, ಮೂರು ದಿನಕ್ಕೆ ಮೂರು ಊರು ಜೋಡಿಸಬೇಡಿ. ‘ಮುರುಡೇಶ್ವರವೂ ಹತ್ತಿರ, ಯಾಣವೂ ಹತ್ತಿರ’ ಅಂತ ನೆಂಟರು ಹೇಳುತ್ತಾರೆ. ಹತ್ತಿರ ಇರೋದೆಲ್ಲ ನೋಡಬೇಕು ಅಂತೇನಿಲ್ಲ. ಟ್ಯಾಕ್ಸಿಗೆ ಹೋಗೋ ದುಡ್ಡಲ್ಲಿ ಸಮುದ್ರ ಕಾಣೋ ರೂಮು ಬರುತ್ತದೆ.

ಕೇಳಿದವರಿಂದ: ಎಲ್ಲರಿಗೂ ಥ್ಯಾಂಕ್ಸ್. ಗೋಕರ್ಣ ಅಂತಲೇ ಇಟ್ಟುಕೊಂಡೆ. ಮೂರು ರಾತ್ರಿ ಕುಡ್ಲೆಯಲ್ಲಿ ₹4,500, ರೈಲು ₹2,000, ಉಳಿದದ್ದು ಊಟ, ಆಟೋ. ಹೀಗೆ ನೋಡಿದರೆ ದುಡ್ಡು ಮಿಗುತ್ತದೆ! ಟಿಕೆಟ್ ಈಗಲೇ ಮಾಡಿಸಬಹುದಾ? ವೇಟಿಂಗ್ ಬಂದರೆ ಏನು ಮಾಡೋದು?

ಕುಮಟಾದಿಂದ: 2024ರ ನವೆಂಬರ್‌ನಿಂದ ಬುಕಿಂಗ್ 60 ದಿನ ಮೊದಲು ಮಾತ್ರ ತೆರೆಯುತ್ತದೆ. ಆ ದಿನ ಬೆಳಗ್ಗೆ 8ಕ್ಕೆ ಕೂತು ಮಾಡಿಸಿ, ಹೋಗೋದು ಬರೋದು ಬೇರೆ ಬೇರೆ ದಿನ ತೆರೆಯುತ್ತದೆ ಅನ್ನೋದು ನೆನಪಿರಲಿ. ವೇಟಿಂಗ್ ಇದ್ದರೆ ಒಂದು ದಿನ ಹಿಂದೆ ಮುಂದೆ ನೋಡಿ. ಆರ್‌ಎಸಿ ಬಂದರೆ ಕ್ಯಾನ್ಸಲ್ ಮಾಡಬೇಡಿ. ಒಂದು ಸೈಡ್ ಲೋವರ್ ಸೀಟಿನಲ್ಲಿ ಇಬ್ಬರು ಕೂರಬೇಕು, ಅಷ್ಟೇ. ಗಂಡ ಹೆಂಡತಿ ತಾನೇ, ಅಡ್ಜಸ್ಟ್ ಮಾಡಿಕೊಳ್ಳಿ. ಮಿಕ್ಕ ದುಡ್ಡಲ್ಲಿ ಅಂಕೋಲೆಯಲ್ಲಿ ಇನ್ನೊಂದು ಪ್ಲೇಟು ಬಂಗುಡೆ ಫ್ರೈ.