ಮನೆ ಗುಂಪು: 72ಕ್ಕೆ 20 ಮೀಟರಾ, 40 ಮೀಟರಾ?

ಹಾಸನದ ಮಾವ: (ಫಾರ್ವರ್ಡ್) ವಾಹನ ಸವಾರರೇ ಗಮನಿಸಿ! 36 ಕಿ.ಮೀ. ವೇಗದ ಕಾರು ಬ್ರೇಕ್ ಒತ್ತಿದ ಮೇಲೆ 10 ಮೀಟರ್‌ನಲ್ಲಿ ನಿಲ್ಲುತ್ತದೆ. 72 ಕಿ.ಮೀ. ಇದ್ದರೆ 20 ಮೀಟರ್ ಬೇಕು. ಎಲ್ಲರಿಗೂ ತಿಳಿಸಿ.

ಹಾಸನದ ಮಾವ: ಪುಟ್ಟ, ಹೊಸ ಕಾರು ತಗೊಂಡಿದೀಯ, ಓದ್ಕೋ.

ದೊಡ್ಡಕ್ಕ: ಮಾವ, ಇದು ತಪ್ಪು. 72ಕ್ಕೆ 40 ಮೀಟರ್ ಬೇಕು. ದಯವಿಟ್ಟು ಮುಂದೆ ಕಳಿಸ್ಬೇಡಿ.

ಹಾಸನದ ಮಾವ: ಅದ್ಹೇಗಮ್ಮ? ಸ್ಪೀಡ್ ಎರಡರಷ್ಟಾದ್ರೆ ದೂರಾನೂ ಎರಡರಷ್ಟು. ಮೂವತ್ತು ವರ್ಷದಿಂದ ಗಾಡಿ ಓಡಿಸ್ತಿದೀನಿ.

ದೊಡ್ಡಕ್ಕ: ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳೂ ಇಲ್ಲೇ ಎಡವೋದು. ಕಿಲೋಮೀಟರನ್ನ 3.6ರಿಂದ ಭಾಗಿಸಿ. 36 ಅಂದ್ರೆ ಸೆಕೆಂಡಿಗೆ 10 ಮೀಟರ್, 72 ಅಂದ್ರೆ 20. ನಿಮ್ಮ ಮೆಸೇಜಿನ 10 ಮೀಟರ್ ಸರಿ ಅಂತಾನೇ ಇಟ್ಕೊಳ್ಳೋಣ. ಆಗ ಬ್ರೇಕು ಪ್ರತಿ ಸೆಕೆಂಡಿಗೂ ವೇಗದಿಂದ 5 ಕಿತ್ಕೊಳ್ತಿದೆ ಅಂತಾಯ್ತು. 10, 5, 0. ಎರಡು ಸೆಕೆಂಡು. ಹೀಗೆ ಒಂದೇ ಸಮ ಬದಲಾಗೋದೇ ಏಕರೂಪ ವೇಗೋತ್ಕರ್ಷ, ಇಲ್ಲಿ ಋಣ ಅಷ್ಟೇ. ಈಗ 20ರಿಂದ ಶುರು ಮಾಡಿ: 20, 15, 10, 5, 0. ನಾಲ್ಕು ಸೆಕೆಂಡು.

ಹಾಸನದ ಮಾವ: ಅದೇ ನಾನು ಹೇಳಿದ್ದು. ಎರಡರಷ್ಟು!

ದೊಡ್ಡಕ್ಕ: ಹೊತ್ತು ಎರಡರಷ್ಟು, ನಿಜ. ಆ ಹೊತ್ತಿನ ಸರಾಸರಿ ವೇಗಾನೂ ಎರಡರಷ್ಟಾಯ್ತಲ್ಲ ಮಾವ. ಮೊದಲ ಕಾರಿಂದು 5, ಇದರದ್ದು 10. ಐದೆರಡ್ಲಿ 10. ಹತ್ನಾಕ್ಲಿ 40.

ಚಿಕ್ಕಪ್ಪ: ಗಳಿಗೆಗೊಂದು ವೇಗ ಇರುವಾಗ ಸುಮ್ನೆ ಅರ್ಧ ಮಾಡಿಬಿಟ್ರೆ ಸರಿ ಹೋಗುತ್ತಾ?

ದೊಡ್ಡಕ್ಕ: ಒಂದೇ ಸಮ ಇಳಿದ್ರೆ ಸರಿ ಹೋಗುತ್ತೆ ಚಿಕ್ಕಪ್ಪ. 10ಕ್ಕಿಂತ ಎಷ್ಟು ಹೊತ್ತು ಎಷ್ಟು ಮೇಲಿತ್ತೋ, ಅಷ್ಟೇ ಹೊತ್ತು ಅಷ್ಟೇ ಕೆಳಗೂ ಇರುತ್ತೆ. ಸೆಕೆಂಡು ಸೆಕೆಂಡು ಬಿಡಿಸಿದ್ರೆ 17.5, 12.5, 7.5, 2.5 ಮೀಟರ್. ಕೂಡಿಸಿ, 40. ಇದು 7, 5, 3, 1ರ ಅನುಪಾತ. ಗೆಲಿಲಿಯೊ ಇಳಿಜಾರು ಹಲಗೆ ಮೇಲೆ ಗುಂಡು ಉರುಳಿಸಿ ನೋಡಿ 1638ರ ಪುಸ್ತಕದಲ್ಲಿ ಬರೆದ 1, 3, 5, 7 ಇದೇ, ಹಿಂದುಮುಂದಾಗಿ. ಎಷ್ಟು ಸಲ ಪಾಠ ಮಾಡಿದ್ರೂ ಇದು ಬಂದಾಗ ನಂಗೆ ಖುಷಿ.

ಪುಟ್ಟ: ಅಕ್ಕ, ನನ್ನ ಕಾರಲ್ಲಿ ಎಬಿಎಸ್ ಇದೆ.

ದೊಡ್ಡಕ್ಕ: ಒಳ್ಳೇದು ಪುಟ್ಟ, ಚಕ್ರ ಲಾಕ್ ಆಗಲ್ಲ, ಸ್ಟೇರಿಂಗ್ ಮಾತು ಕೇಳುತ್ತೆ. ಆದ್ರೆ ದೂರ ಏರೋದು ವೇಗದ ವರ್ಗದ ಲೆಕ್ಕದಲ್ಲೇ. ಬ್ರೇಕ್ ಒತ್ತಿದ ಜಾಗದಿಂದ 10 ಮೀಟರಿಗೆ ಒಂದು ಎಮ್ಮೆ ನಿಂತಿದೆ ಅಂದ್ಕೋ. 36ರ ಕಾರು ಅದರ ಹತ್ರ ಬಂದು ನಿಲ್ಲುತ್ತೆ. 72ರ ಕಾರಿಗೆ ಅಲ್ಲಿ ಎಷ್ಟು ವೇಗ ಉಳಿದಿರುತ್ತೆ?

ಪುಟ್ಟ: 36?

ದೊಡ್ಡಕ್ಕ: 20ರ ವರ್ಗ 400. ಅದ್ರಲ್ಲಿ ಎರಡು ಗುಣಿಸು ಬ್ರೇಕು ಕಿತ್ಕೊಳ್ಳೋ 5 ಗುಣಿಸು ದೂರದ 10, ಅಂದ್ರೆ 100 ಕಳಿ. ಉಳಿದಿದ್ದು ಅಲ್ಲಿನ ವೇಗದ ವರ್ಗ. 300ರ ವರ್ಗಮೂಲ 17.3. ಗಂಟೆಗೆ 62 ಕಿಲೋಮೀಟರ್ ಕಣೋ.

ಹಾಸನದ ಮಾವ: ಚನ್ನರಾಯಪಟ್ಟಣದ ಹತ್ರ ನಂಗೆ ಹಸು ಅಡ್ಡ ಬಂದಿತ್ತಲ್ಲ, ನೆನಪಿದೆಯಾ? ನಿಂತುಕೊಂಡೇ ಬ್ರೇಕ್ ತುಳಿದಿದ್ದೆ. ಗಾಡಿ ನಿಲ್ಲಲಿಲ್ಲ. ಬ್ರೇಕೇ ಸರಿಯಿಲ್ಲ ಅಂತ ಮೆಕ್ಯಾನಿಕ್ ಮೇಲೆ ಕೂಗಾಡಿ ಬಂದಿದ್ದೆ.

ಪುಟ್ಟ: ಅಕ್ಕ, ಎಮ್ಮೆ ಕಂಡು ಕಾಲು ಬ್ರೇಕಿಗೆ ಹೋಗೋಕೂ ಒಂದು ಸೆಕೆಂಡ್ ಬೇಕಲ್ವಾ?

ದೊಡ್ಡಕ್ಕ: ಬೇಕೇ ಬೇಕು. ಎಮ್ಮೆನ 20 ಮೀಟರ್ ದೂರ ನಿಲ್ಸಿ ನೀನೇ ಲೆಕ್ಕ ಹಾಕು.

ಪುಟ್ಟ: 36ರದ್ದು 10 ಮೀಟರ್ ಹಾಗೇ ಹೋಗಿ, ಇನ್ನು 10ರಲ್ಲಿ ನಿಲ್ಲುತ್ತೆ. 72ರದ್ದು... ಆ ಒಂದು ಸೆಕೆಂಡಲ್ಲೇ 20 ಮೀಟರ್ ಮುಗಿದೋಯ್ತು. ಕಾಲು ಇನ್ನೂ ಬ್ರೇಕ್ ಮುಟ್ಟಿರಲ್ಲ.

ಹಾಸನದ ಮಾವ: ಮೆಸೇಜ್ ಡಿಲೀಟ್ ಮಾಡ್ತಿದೀನಿ. ಸರಿಯಾದ್ದು ಬರೆದು ಕೊಡಮ್ಮ, ವಾಕಿಂಗ್ ಗುಂಪಿಗೂ ಇದನ್ನೇ ಕಳಿಸಿದ್ದೆ.